ಪರಿಹಾರದ ಹಣ ಯಾರ ಹೆಸರಿಗೆ ಬರುತ್ತದೆ?



ಈ ಹೊತ್ತು ಬಿತ್ತನೆಯ ಮಾತಾಗಲಿ ಗೊಬ್ಬರದ ಮಾತಾಗಲಿ ಆಡುವುದಿಲ್ಲ. ದುಡ್ಡಿನ ಮಾತು ಆಡುತ್ತೇನೆ. ಅದೂ ಬೆವರು ಸುರಿಸಿ ಸಂಪಾದಿಸಿದ ದುಡ್ಡಲ್ಲ. ಬೆಳೆದದ್ದು ಮಾರಲಾಗದೆ ಕೈಸುಟ್ಟುಕೊಂಡಾಗ ಸರ್ಕಾರದವರು ಕೊಟ್ಟ ಪರಿಹಾರದ ದುಡ್ಡು. ಕೊರೋನಾ ಕಾಲ ಕಳೆದು ವರ್ಷಗಳಾದರೂ ಅರಳಿಕಟ್ಟೆಯ ಮೇಲೆ ಈ ಮಾತು ಇನ್ನೂ ನಿಂತಿಲ್ಲ. "ಪಕ್ಕದ ಹೊಲದವನಿಗೆ ಬಂತು, ನನಗೆ ಬರಲಿಲ್ಲ. ಇಬ್ಬರೂ ಒಂದೇ ಹೂವು ಬೆಳೆದಿದ್ದೆವು, ಇಬ್ಬರೂ ತಿಪ್ಪೆಗೆ ಸುರಿದೆವು. ಇದ್ಯಾವ ನ್ಯಾಯ ಸ್ವಾಮಿ?" ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಇದಕ್ಕೆ ಉತ್ತರ ತಿಳಿದುಕೊಂಡರೆ ಮುಂದೆ ಬರಗಾಲವೋ ಅತಿವೃಷ್ಟಿಯೋ ಮತ್ತೊಂದು ಜಾಡ್ಯವೋ ಬಂದಾಗ ನಿಮ್ಮ ಪಾಲಿನದು ನಿಮಗೆ ತಪ್ಪಲಾರದು.

ಮೊದಲು ಆದದ್ದೇನು ಎಂಬುದನ್ನು ಸ್ವಲ್ಪ ಜ್ಞಾಪಿಸಿಕೊಳ್ಳೋಣ.

2020ನೆಯ ಇಸವಿಯಲ್ಲಿ ಯುಗಾದಿ ಹಬ್ಬ ಮಾರ್ಚ್ 25ಕ್ಕೆ ಬಂತು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡದ್ದೂ ಅದೇ ದಿವಸ. ಹೂವಿನ ಬೆಳೆಗಾರ ಹಬ್ಬವನ್ನು ಕಣ್ಣಮುಂದೆ ಇಟ್ಟುಕೊಂಡೇ ಗಿಡ ಬೆಳೆಸಿರುತ್ತಾನೆ. ಹಬ್ಬ ಕಳೆದರೆ ಮದುವೆಯ ಕಾಲ, ಅದರ ಹಿಂದೆಯೇ ಜಾತ್ರೆಯ ಕಾಲ. ಆ ವರ್ಷ ದೇವಸ್ಥಾನಗಳ ಬಾಗಿಲು ಮುಚ್ಚಿತು, ಛತ್ರಗಳಿಗೆ ಬೀಗ ಬಿತ್ತು, ತೇರು ಮನೆಯಿಂದಾಚೆಗೆ ಬರಲಿಲ್ಲ. ಗಿಡಕ್ಕೇನು ಗೊತ್ತು? ಅದು ಹೂ ಬಿಡುತ್ತಲೇ ಹೋಯಿತು. ಕೊಯ್ಯದಿದ್ದರೆ ಗಿಡ ಕೆಡುತ್ತದೆ, ಕೊಯ್ದರೆ ಕೂಲಿ ಕೈಯಿಂದ ಹೋಗುತ್ತದೆ. ಹೂವು ಹಸಿವಿಗೆ ಆಗುವ ಪದಾರ್ಥವಲ್ಲ. ಎರಡು ದಿವಸ ಇಟ್ಟರೆ ಬಾಡುತ್ತದೆ.

ತರಕಾರಿಯವರ ಪಾಡು ಇನ್ನೊಂದು ಬಗೆ. ಮೈಸೂರಿನ ಸರಸ್ವತಿಪುರಂ ಬಡಾವಣೆಯನ್ನೇ ತೆಗೆದುಕೊಳ್ಳಿ. ಜಯಪುರ, ಇಲವಾಲ, ಗದ್ದಿಗೆ ಕಡೆಯಿಂದ ಮೈಸೂರಿಗೆ ಸೊಪ್ಪು ತರಕಾರಿ ತರುವವರಿಗೆ ಅಂಥ ಬೀದಿಗಳು ಗೊತ್ತಿಲ್ಲದವಲ್ಲ. ಹತ್ತಿರದಲ್ಲೇ ಕುಕ್ಕರಹಳ್ಳಿ ಕೆರೆ, ಅದರಾಚೆ ಮಾನಸಗಂಗೋತ್ರಿಯ ವಿಶ್ವವಿದ್ಯಾನಿಲಯ. ಆದುದರಿಂದ ಅಲ್ಲಿ ಸಂಸಾರಸ್ಥರ ಮನೆಗಳ ಜೊತೆಗೆ ಓದುವ ಮಕ್ಕಳ ಹಾಸ್ಟೆಲುಗಳೂ, ಮೆಸ್ಸುಗಳೂ, ತಿಂಡಿಯ ಹೋಟೆಲುಗಳೂ ಉಂಟು. ಸಂಸಾರಸ್ಥರು ಅರ್ಧ ಕಿಲೋ ಹುರುಳಿಕಾಯಿ ಕೊಂಡರೆ ಮೆಸ್ಸಿನವನು ಮೂಟೆ ಕೊಳ್ಳುತ್ತಾನೆ. ಶಾಲೆ ಕಾಲೇಜು ಮುಚ್ಚಿ ಮಕ್ಕಳೆಲ್ಲ ಊರಿಗೆ ಹೋದರು, ಹೋಟೆಲು ಮುಚ್ಚಿತು, ಮೂಟೆಯ ಗಿರಾಕಿ ಇಲ್ಲವಾದ. ಮನೆಯೊಳಗಿದ್ದವರು ತಳ್ಳುಗಾಡಿ ಎಂದು ಬರುತ್ತದೋ ಅಂತ ಬಾಗಿಲಲ್ಲಿ ಕಾಯುತ್ತಿದ್ದರು. ಹತ್ತು ಹದಿನೈದು ಕಿಲೋಮೀಟರ್ ಆಚೆಯ ಹೊಲದಲ್ಲಿ ಟೊಮೇಟೊ ಗಿಡದಲ್ಲೇ ಕೊಳೆಯುತ್ತಿತ್ತು. ಗುಂಡ್ಲುಪೇಟೆ ಕಡೆಯಿಂದ ಕೇರಳಕ್ಕೆ ಹೋಗುತ್ತಿದ್ದ ತರಕಾರಿಗೂ ಗಡಿಯಲ್ಲಿ ತೊಡಕಾಯಿತು.

ಬೇಸಾಯದ ಕೆಲಸಕ್ಕೂ ಕೃಷಿ ಮಾರುಕಟ್ಟೆಗಳಿಗೂ ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರದವರು ಮಾರ್ಚ್ 27ರಂದೇ ಅಪ್ಪಣೆ ಹೊರಡಿಸಿದ್ದರು, ನಿಜ. ಆದರೆ ಅಪ್ಪಣೆ ಬಂದ ಮಾತ್ರಕ್ಕೆ ಲಾರಿಗೆ ಡ್ರೈವರು ಸಿಕ್ಕಾನೆಯೆ? ಹಮಾಲರು ಬಂದಾರೆಯೆ? ಕೊಳ್ಳುವವನಿಲ್ಲದ ಮೇಲೆ ಮಾರುಕಟ್ಟೆ ತೆರೆದಿದ್ದರೆಷ್ಟು, ಮುಚ್ಚಿದ್ದರೆಷ್ಟು?

ಮುಸುಕಿನ ಜೋಳದವರ ಕಥೆಗೆ ಕೋಳಿ ಕಾರಣ. ಕೋಳಿ ತಿಂದರೆ ಕೊರೋನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿ ಕೋಳಿಯ ಬೆಲೆ ಬಿದ್ದುಹೋಗಿತ್ತು. ಅದೇ 2020ರ ಮಾರ್ಚಿಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರವೂ ಕಾಣಿಸಿಕೊಂಡು ಕೋಳಿಗಳನ್ನು ಕೊಲ್ಲಬೇಕಾಯಿತು. ಕೋಳಿ ಸಾಕುವವರು ಕೈಯೆತ್ತಿದರೆ ಕೋಳಿಯ ಮೇವಿಗೆ ಹೋಗುವ ಜೋಳವನ್ನು ಕೇಳುವವರು ಯಾರು? ಆ ವರ್ಷ ಮುಸುಕಿನ ಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 1,760 ರೂಪಾಯಿ ಎಂದು ಗೊತ್ತುಮಾಡಿದ್ದರು. ಪೇಟೆಯ ಬೆಲೆ ಅದಕ್ಕಿಂತ ಕೆಳಗಿಳಿಯಿತು.

ಇನ್ನು ಸರ್ಕಾರ ಕೊಟ್ಟದ್ದೆಷ್ಟು ನೋಡೋಣ.

2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿದರು. ಅದರಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ. ಎಷ್ಟೇ ಬೆಳೆದಿದ್ದರೂ ಒಂದು ಹೆಕ್ಟೇರಿಗೆ ಮಾತ್ರ. ಅಗಸರು, ಕ್ಷೌರಿಕರು, ಆಟೋ ಮತ್ತು ಟ್ಯಾಕ್ಸಿ ಓಡಿಸುವವರು, ಇವರಿಗೆ ಒಂದು ಸಲಕ್ಕೆ ತಲಾ 5,000. ಅದೇ ತಿಂಗಳ ನಡುವೆ ಮತ್ತೊಂದು ಪ್ರಕಟಣೆಯಾಗಿ ಹಣ್ಣು ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000 ಎಂದಾಯಿತು. ಮುಸುಕಿನ ಜೋಳದ ಸುಮಾರು ಹತ್ತು ಲಕ್ಷ ರೈತರಿಗೆ ತಲಾ 5,000ದಂತೆ 500 ಕೋಟಿ ಗೊತ್ತಾಯಿತು. ಎರಡನೆಯ ಅಲೆ ಬಂದು 2021ರಲ್ಲಿ ಮತ್ತೆ ಬಾಗಿಲು ಹಾಕಿದಾಗ ಮೇ 19ರಂದು 1,250 ಕೋಟಿಯ ಪರಿಹಾರ ಪ್ರಕಟವಾಯಿತು. ಆ ಸಲ ಹೂವಿಗೂ 10,000, ಹಣ್ಣು ತರಕಾರಿಗೂ 10,000, ಅದೂ ಹೆಕ್ಟೇರಿನ ಲೆಕ್ಕವೇ.

ಇವಲ್ಲದೆ ಕೇಂದ್ರದ ಕಿಸಾನ್ ಸಮ್ಮಾನ್ ಹಣ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. 2019ರ ಫೆಬ್ರವರಿಯಲ್ಲಿ ಶುರುವಾದದ್ದು. 2020ರಲ್ಲಿ ಅದರ 2,000ದ ಕಂತನ್ನು ಏಪ್ರಿಲಿನಲ್ಲೇ ಕೊಟ್ಟುಬಿಡುತ್ತೇವೆಂದು ಮಾರ್ಚ್ 26ರಂದು ಹೇಳಿದರು. ಇದನ್ನು ಕೊರೋನಾ ಪರಿಹಾರವೆಂದು ಹಲವರು ತಿಳಿದರು. ಹೇಗಿದ್ದರೂ ಬರಬೇಕಾದದ್ದು ಬೇಗ ಬಂತು, ಅಷ್ಟೆ.

ಹೆಕ್ಟೇರಿಗೆ ಇಷ್ಟು ಅಂತ ಹೇಳಿದರೆ ಅದು ನಿಮ್ಮ ಲೆಕ್ಕಕ್ಕೆ ಸಿಕ್ಕುವುದಿಲ್ಲ. ನಿಮ್ಮ ಲೆಕ್ಕ ಗುಂಟೆಯದು. ಒಂದು ಹೆಕ್ಟೇರು ಎಂದರೆ ಹತ್ತಿರ ಹತ್ತಿರ 2 ಎಕರೆ 19 ಗುಂಟೆ, ಅಂದರೆ 99 ಗುಂಟೆ. ಹೀಗಾಗಿ 2020ರಲ್ಲಿ ಹೂವಿಗೆ ಬಂದದ್ದು ಗುಂಟೆಗೆ ಸುಮಾರು 253 ರೂಪಾಯಿ. ತರಕಾರಿಗೆ 152 ರೂಪಾಯಿ. 2021ರಲ್ಲಿ ಎರಡಕ್ಕೂ 101 ರೂಪಾಯಿ. ಹತ್ತು ಗುಂಟೆ ಮಲ್ಲಿಗೆ ಇಟ್ಟವರಿಗೆ ಮೊದಲ ವರ್ಷ ಎರಡೂವರೆ ಸಾವಿರ, ಮರುವರ್ಷ ಒಂದು ಸಾವಿರ. ಅರ್ಧ ಎಕರೆ ಟೊಮೇಟೊ ಇಟ್ಟವರಿಗೆ ಮೊದಲ ವರ್ಷ ಮೂರು ಸಾವಿರ, ಮರುವರ್ಷ ಎರಡು ಸಾವಿರ. ಜೋಳದವರಿಗೆ ಮಾತ್ರ ವಿಸ್ತೀರ್ಣದ ಲೆಕ್ಕವಿರಲಿಲ್ಲ, ತಲೆಗೆ 5,000.

"ಇಷ್ಟಕ್ಕೆ ಇಷ್ಟೊಂದು ಓಡಾಡಬೇಕಾ?" ಅಂತೀರೇನೋ. ನಿಜ, ಅರ್ಧ ಎಕರೆ ಟೊಮೇಟೊಗೆ ಸಸಿ, ಗೊಬ್ಬರ, ಔಷಧಿ, ಗೂಟ, ದಾರ, ಕೂಲಿ ಎಲ್ಲ ಸೇರಿದರೆ ಮೂರು ಸಾವಿರ ಯಾವ ಮೂಲೆಗೂ ಸಾಲದು. ಆದರೂ ಒಂದು ಮಾತು ತಿಳಿಯಬೇಕು. ಹಿಂದಿನ ಕಾಲದಲ್ಲಿ ಬರ ಬಂದರೆ ರೈತನಿಗೆ ಸಿಕ್ಕುತ್ತಿದ್ದದ್ದು ತಕಾವಿ ಸಾಲ. ಅದು ಸಾಲವೇ, ಮಳೆ ಬಂದಮೇಲೆ ತೀರಿಸಬೇಕು. ಈಗ ಬರುವುದು ತೀರಿಸಬೇಕಾದ ಹಣವಲ್ಲ. ಮೂರು ಸಾವಿರ ರೂಪಾಯಿ ಮುಂದಿನ ಬೆಳೆಯ ಬೀಜಕ್ಕಾಯಿತು, ಬಡ್ಡಿಯವನ ಬಾಗಿಲಿಗೆ ಹೋಗುವುದು ಒಂದು ಸಲ ತಪ್ಪಿತು. ಇದು ಸಣ್ಣದಲ್ಲ. ಅಲ್ಲದೆ ಈ ಸಲ ಮೂರು ಸಾವಿರ ತಪ್ಪಿಸಿದ ತೊಡಕೇ ಮುಂದಿನ ಸಲ ಮೂವತ್ತು ಸಾವಿರವನ್ನೂ ತಪ್ಪಿಸುತ್ತದೆ.

ಆ ತೊಡಕು ಯಾವುದು? ಇದೇ ಈ ಹೊತ್ತಿನ ಮುಖ್ಯ ವಿಷಯ.

ಪರಿಹಾರದ ಹಣ ಹೊಲವನ್ನು ಹುಡುಕಿಕೊಂಡು ಬರುವುದಿಲ್ಲ, ಹೆಸರನ್ನು ಹುಡುಕಿಕೊಂಡು ಬರುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ನಿಮ್ಮ ಹೊಲದ ಕೊಳೆತ ಟೊಮೇಟೊ ಕಾಣುವುದಿಲ್ಲ. ಕಾಣುವುದು ಒಂದು ಪಟ್ಟಿ. ಆ ಪಟ್ಟಿಗೆ ಸೇರಬೇಕಾದರೆ ಮೂರು ಬಾಗಿಲು ದಾಟಬೇಕು. ಮೊದಲನೆಯದು ಪಹಣಿ, ಎರಡನೆಯದು ಬೆಳೆಯ ದಾಖಲೆ, ಮೂರನೆಯದು ಬ್ಯಾಂಕು. ಒಂದು ಬಾಗಿಲು ಮುಚ್ಚಿದ್ದರೂ ಹಣ ಅಲ್ಲೇ ನಿಂತುಬಿಡುತ್ತದೆ.

ಮೊದಲ ಬಾಗಿಲು, ಪಹಣಿ.

ನಿಮ್ಮ ಹೊಲದ ಪಹಣಿಯನ್ನು ತೆಗೆದು ನೋಡಿ. ಅದರಲ್ಲಿ ಯಾರ ಹೆಸರಿದೆ? ಎಷ್ಟೋ ಮನೆಗಳಲ್ಲಿ ತಾತನ ಹೆಸರಿದೆ. ತಾತ ಕಾಲವಾಗಿ ಇಪ್ಪತ್ತು ವರ್ಷವಾಯಿತು. ಮೂವರು ಮಕ್ಕಳು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಬದು ಹಾಕಿಕೊಂಡು ಬೇಸಾಯ ಮಾಡುತ್ತಿದ್ದಾರೆ. ಊರಿಗೆಲ್ಲ ಗೊತ್ತು, ಇದು ಹಿರಿಯನದು, ಇದು ಕಿರಿಯನದು ಅಂತ. ಪಹಣಿಗೆ ಗೊತ್ತಿಲ್ಲ. ತೀರಿಕೊಂಡವರ ಖಾತೆಗೆ ಹಣ ಹಾಕುವುದು ಹೇಗೆ? ಅಲ್ಲಿಗೆ ಮೂರು ಸಂಸಾರದ ಪರಿಹಾರ ನಿಂತಿತು.

ಇದಕ್ಕೆ ಮಾಡಬೇಕಾದದ್ದು ಪೌತಿ ಖಾತೆ. ಮರಣದ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ 21 ದಿವಸದೊಳಗೆ ನೋಂದಾಯಿಸಬೇಕೆಂದು 1969ರ ಕಾಯಿದೆ ಹೇಳುತ್ತದೆ. ದುಃಖದ ಮನೆಯಲ್ಲಿ ಕಾಗದದ ಮಾತು ಯಾಕೆ ಎಂದು ಬಿಟ್ಟುಬಿಡುತ್ತೇವೆ. ತಿಥಿಯ ಹೊತ್ತಿಗೆ ನೆಂಟರೆಲ್ಲ ಸೇರುತ್ತಾರಲ್ಲ, ಆ ದಿನವೇ ಒಬ್ಬರಿಗೆ ಈ ಕೆಲಸ ವಹಿಸಿಬಿಡಿ. ಬಿಟ್ಟಷ್ಟೂ ತೊಡಕು ಹೆಚ್ಚು.

ಇಲ್ಲಿ ತಾಯಂದಿರು ಸ್ವಲ್ಪ ಗಮನವಿಟ್ಟು ಕೇಳಬೇಕು. ಯಜಮಾನ ತೀರಿಕೊಂಡ ಮೇಲೆ ಹೊಲ ಗೆಯ್ಯುವವಳು ನೀವು, ಹೂ ಬಿಡಿಸುವವಳು ನೀವು. ಪಹಣಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಪಟ್ಟಿಯಲ್ಲೂ ಇರುವುದಿಲ್ಲ. ಹೆಂಡತಿಗೂ ಹಕ್ಕುಂಟು, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಪಿತ್ರಾರ್ಜಿತದಲ್ಲಿ ಉಂಟೆಂದು 2005ರ ಕಾಯಿದೆ ತಿದ್ದುಪಡಿ ಹೇಳಿದೆ. ವಂಶವೃಕ್ಷ ಬರೆಸುವಾಗ ಹೆಣ್ಣು ಹೆಸರು ಬಿಟ್ಟು ಬರೆಸಿದರೆ ಮುಂದೆ ತಕರಾರು ಬಂದು ಎಲ್ಲರ ಕೆಲಸವೂ ನಿಲ್ಲುತ್ತದೆ. ಎಲ್ಲರನ್ನೂ ಸೇರಿಸಿಯೇ ಬರೆಸಿ.

ಜಂಟಿ ಖಾತೆಯವರಿಗೆ ಇನ್ನೊಂದು ಮಾತು. ನಾಲ್ವರ ಹೆಸರು ಒಟ್ಟಿಗೆ ಇದ್ದರೆ ಒಬ್ಬರಿಗೆ ಹಣ ಕೊಡಲು ಉಳಿದವರ ಒಪ್ಪಿಗೆ ಪತ್ರ ಕೇಳುವುದುಂಟು. ಅಣ್ಣತಮ್ಮಂದಿರು ಚೆನ್ನಾಗಿರುವಾಗ ಒಪ್ಪಿಗೆ ಸುಲಭ. ಮನಸ್ತಾಪ ಬಂದಮೇಲೆ ಒಂದು ರುಜುವಿಗೆ ಆರು ತಿಂಗಳು ಅಲೆಯಬೇಕಾದೀತು. ಚೆನ್ನಾಗಿರುವಾಗಲೇ ಅಳತೆ ಮಾಡಿಸಿ, ನಕ್ಷೆ ಮಾಡಿಸಿ, ಪೋಡಿ ಮಾಡಿಸಿಕೊಂಡು ಅವರವರ ಹೆಸರಿಗೆ ಅವರವರ ಪಾಲು ಬರೆಸಿಕೊಳ್ಳಿ. ಇದರಿಂದ ಮನೆ ಒಡೆಯುವುದಿಲ್ಲ. ಬೇಕಾದರೆ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡಿರಿ, ಬೇಡವೆನ್ನುವವರು ಯಾರು?

ಎರಡನೆಯ ಬಾಗಿಲು, ಬೆಳೆಯ ದಾಖಲೆ.

ಭೂಮಿ ನಿಮ್ಮ ಹೆಸರಲ್ಲಿದೆ, ಸರಿ. ಅದರಲ್ಲಿ ಏನು ಬೆಳೆದಿದ್ದಿರಿ? ಇದನ್ನು ಹೇಳುವುದು ಬೆಳೆ ಸಮೀಕ್ಷೆ. ಮುಸುಕಿನ ಜೋಳದ ಪರಿಹಾರವನ್ನು ಕೊಟ್ಟದ್ದು 2019ರ ಮುಂಗಾರಿನ ಸಮೀಕ್ಷೆಯ ಪಟ್ಟಿ ನೋಡಿ. ಆ ಮುಂಗಾರಿನಲ್ಲಿ ನೀವು ಜೋಳವನ್ನೇ ಬೆಳೆದಿದ್ದರೂ ಸಮೀಕ್ಷೆಗೆ ಬಂದವನು ರಸ್ತೆಯ ಮೇಲೆ ನಿಂತು ರಾಗಿ ಎಂದು ಬರೆದುಕೊಂಡು ಹೋಗಿದ್ದರೆ ನಿಮ್ಮದು ರಾಗಿಯೇ. ಹೂವು ತರಕಾರಿಯ ತೊಂದರೆ ಇನ್ನೂ ದೊಡ್ಡದು. ಸೊಪ್ಪು ಒಂದು ತಿಂಗಳ ಬೆಳೆ. ಸಮೀಕ್ಷೆಯವನು ಬಂದ ದಿವಸ ಹೊಲದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಲಿಯ ಪಕ್ಕ ಐದು ಗುಂಟೆ ಕಾಕಡ ಹಾಕಿದ್ದರೆ ಅದು ಕಣ್ಣಿಗೂ ಬೀಳುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರು ಪಹಣಿ, ಆಧಾರ್, ಪಾಸುಪುಸ್ತಕ ಇವುಗಳ ನಕಲು ಹಿಡಿದು ತೋಟಗಾರಿಕೆ ಇಲಾಖೆಗೆ ಅರ್ಜಿ ಹಾಕಿಕೊಳ್ಳಬೇಕಾಯಿತು. ಹಳ್ಳಿಯಿಂದ ಹೊರಗೆ ಕಾಲಿಡುವುದೇ ಕಷ್ಟವಾಗಿದ್ದ ದಿವಸಗಳಲ್ಲಿ ಅದೆಷ್ಟು ಜನಕ್ಕೆ ಸಾಧ್ಯ?

ಇದಕ್ಕೆ ಉಪಾಯ ಈಗ ನಿಮ್ಮ ಕೈಯಲ್ಲೇ ಇದೆ. 2020ರ ಮುಂಗಾರಿನಿಂದ ರೈತ ತನ್ನ ಹೊಲದ ಬೆಳೆಯನ್ನು ತಾನೇ ಮೊಬೈಲ್ ಫೋನಿನಲ್ಲಿ ಫೋಟೋ ತೆಗೆದು ದಾಖಲು ಮಾಡಲು ಅವಕಾಶ ಕೊಟ್ಟಿದ್ದಾರೆ. ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮಿಗೊಂದು ಸಮೀಕ್ಷೆ. ಫೋನು ಗೊತ್ತಿಲ್ಲದ ಹಿರಿಯರು ಮನೆಯ ಮಕ್ಕಳ ಕೈಲಿ ಮಾಡಿಸಿ. ಹೊಲದಲ್ಲಿ ನಿಂತೇ ಮಾಡಬೇಕು, ಜಗುಲಿಯಲ್ಲಿ ಕೂತು ಮಾಡಿದರೆ ಆಗದು. ಬೇರೆಯವರು ಬರೆದುಕೊಂಡು ಹೋಗಿದ್ದರೆ ಸರಿಯಾಗಿ ಬರೆದಿದ್ದಾರೆಯೇ ಎಂದು 'ಬೆಳೆ ದರ್ಶಕ'ದಲ್ಲಿ ನೋಡಬಹುದು. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆದರೆ ಬೆಳೆ ಹೊಲದಲ್ಲಿ ಇರುವಾಗಲೇ ಹಾಕಬೇಕು. ಕಟಾವು ಆದಮೇಲೆ "ಇಲ್ಲಿ ಸೇವಂತಿಗೆ ಇತ್ತು" ಎಂದರೆ ಖಾಲಿ ಹೊಲ ಸಾಕ್ಷಿ ಹೇಳುತ್ತದೆಯೆ?

ಇದರ ಜೊತೆಗೆ ಮನೆಯಲ್ಲಿ ಒಂದು ನೋಟುಪುಸ್ತಕ ಇಡಿ. ಯಾವ ದಿವಸ ನಾಟಿ, ಎಷ್ಟು ಗುಂಟೆ, ಸಸಿಗೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಮಂಡಿಗೆ ಎಷ್ಟು ಹೋಯಿತು, ಎಷ್ಟು ಬಂತು. ಅಂಗಡಿಯ ರಸೀದಿ, ಮಂಡಿಯ ಚೀಟಿ ಅದರೊಳಗೇ ಅಂಟಿಸಿ. ಇದು ನಮ್ಮಲ್ಲಿ ಮಾತ್ರ ಬೇಕಾಗುವುದೆಂದು ತಿಳಿಯಬೇಡಿ. ಅಮೆರಿಕ ದೇಶದಲ್ಲೂ 2020ರ ಏಪ್ರಿಲಿನಲ್ಲಿ ರೈತರಿಗೆ ನೇರವಾಗಿ 1,600 ಕೋಟಿ ಡಾಲರ್ ಹಂಚುತ್ತೇವೆಂದು ಪ್ರಕಟಿಸಿದರು. ಅಲ್ಲಿಯೂ ಇಷ್ಟು ಬೆಳೆದಿದ್ದೆ, ಇಷ್ಟು ಮಾರಿದ್ದೆ, ಇಷ್ಟು ಉಳಿದಿತ್ತು ಎಂಬ ಲೆಕ್ಕದ ಮೇಲೆಯೇ ಹಣ. ಲೆಕ್ಕ ಕೇಳದ ಸರ್ಕಾರ ಯಾವ ದೇಶದಲ್ಲೂ ಇಲ್ಲ.

ಮೂರನೆಯ ಬಾಗಿಲು, ಬ್ಯಾಂಕು.

ಈಗ ಹಣ ಕೈಗೆ ಬರುವುದಿಲ್ಲ, ಖಾತೆಗೆ ಬರುತ್ತದೆ. ಬಹಳ ಜನಕ್ಕೆ ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇರುತ್ತದೆ. ಸಾಲಕ್ಕೊಂದು, ಹಾಲಿನ ಬಟವಾಡೆಗೊಂದು, ಉದ್ಯೋಗ ಖಾತರಿಯ ಕೂಲಿಗೊಂದು. ನೀವು ಕಡೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಿದ್ದೀರೋ ಆ ಖಾತೆಗೆ ಹಣ ಹೋಗುತ್ತದೆ. ಒಬ್ಬರು ಸೊಸೈಟಿ ಬ್ಯಾಂಕಿನ ಪಾಸುಪುಸ್ತಕ ಹಿಡಿದು "ಬಂದಿಲ್ಲ, ಬಂದಿಲ್ಲ" ಎಂದು ಗೋಳಾಡುತ್ತಿರುತ್ತಾರೆ. ಹಣ ಇನ್ನೊಂದು ಬ್ಯಾಂಕಿನಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಇನ್ನು ಕೆಲವರದು ಖಾತೆಯೇ ನಿಂತುಹೋಗಿರುತ್ತದೆ. ಬ್ಯಾಂಕಿಗೆ ಹೋದಾಗ ಎರಡು ಪ್ರಶ್ನೆ ಕೇಳಿ: "ನನ್ನ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ? ಆ ಖಾತೆ ಚಾಲ್ತಿಯಲ್ಲಿದೆಯೇ?" 'ಡಿಬಿಟಿ ಕರ್ನಾಟಕ' ಎಂಬ ಆ್ಯಪಿನಲ್ಲಿಯೂ ಯಾವ ಹಣ ಯಾವ ಖಾತೆಗೆ ಬಂತೆಂದು ನೋಡಬಹುದು.

ಹೆಸರಿನ ಅಕ್ಷರವನ್ನೂ ನೋಡಿಕೊಳ್ಳಿ. ಪಹಣಿಯಲ್ಲಿ ಸಿದ್ದಯ್ಯ ಬಿನ್ ಮಾದಯ್ಯ, ಆಧಾರಿನಲ್ಲಿ ಸಿದ್ದಪ್ಪ, ಪಾಸುಪುಸ್ತಕದಲ್ಲಿ ಸಿದ್ದು. ಊರಿನವರಿಗೆ ಮೂವರೂ ಒಬ್ಬನೇ. ಯಂತ್ರಕ್ಕೆ ಮೂವರೂ ಬೇರೆ ಬೇರೆ.

ಈ ಮೂರು ಬಾಗಿಲಿಗೂ ಸೇರಿ ಒಂದು ಬೀಗದ ಕೈ ಉಂಟು. ಅದರ ಹೆಸರು ಫ್ರೂಟ್ಸ್ ನೋಂದಣಿ. ಅಲ್ಲಿ ನಿಮಗೊಂದು ಸಂಖ್ಯೆ ಕೊಡುತ್ತಾರೆ, ಎಫ್‌ಐಡಿ ಎನ್ನುತ್ತಾರೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಸಂಖ್ಯೆ ಪಡೆದು ಸುಮ್ಮನಾಗಬೇಡಿ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ನೋಡಿ. ಮೂರು ಕಡೆ ಭೂಮಿ ಇದ್ದು ಒಂದನ್ನು ಮಾತ್ರ ಸೇರಿಸಿದ್ದರೆ ಪರಿಹಾರವೂ ಒಂದಕ್ಕೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರಲ್ಲ, ಆಗ ಮೊದಲ ಕಂತಾಗಿ 2,000 ರೂಪಾಯಿವರೆಗೆ ಕೊಟ್ಟದ್ದೂ ಈ ದಾಖಲೆಯನ್ನು ನೋಡಿಯೇ. ಕೊರೋನಾ ಹೋಯಿತು, ಪಟ್ಟಿ ಉಳಿಯಿತು ಎಂಬುದಕ್ಕೆ ಇದೇ ಸಾಕ್ಷಿ. ಆ ಬರದ ಹಣವನ್ನು ಸಾಲದ ಬಾಬ್ತಿಗೆ ಹಿಡಿದುಕೊಳ್ಳಬಾರದೆಂದು ಸರ್ಕಾರದವರು 2024ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದ್ದರು. ಮುಂದೆ ಯಾವ ಪರಿಹಾರ ಬಂದಾಗಲೂ ಅಂಥ ಸೂಚನೆ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಈಗ ಹೇಳಲೇಬೇಕಾದ, ಹೇಳಲು ಕಷ್ಟವಾದ ಒಂದು ಮಾತು. ಸ್ವಂತ ಭೂಮಿ ಇಲ್ಲದೆ ಗುತ್ತಿಗೆಗೋ ವಾರಕ್ಕೋ ಹಿಡಿದು ಬೆಳೆಯುವವರ ಮಾತು.

ನಮ್ಮ ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರನಾಗಿದ್ದವನು ಒಡೆಯನಾದ. ದೊಡ್ಡ ಕೆಲಸ, ಎಷ್ಟೋ ಮನೆಗಳಲ್ಲಿ ಈ ಹೊತ್ತು ದೀಪ ಉರಿಯುತ್ತಿರುವುದು ಅದರಿಂದ. ಆ ಕಾಯಿದೆ ಹೊಸದಾಗಿ ಗೇಣಿಗೆ ಕೊಡುವುದನ್ನೂ ನಿಷೇಧಿಸಿತು. ಆದರೂ ಊರಿನಲ್ಲಿ ಗುತ್ತಿಗೆ ನಿಂತಿದೆಯೆ? ಒಡೆಯರು ಪಟ್ಟಣ ಸೇರಿದ್ದಾರೆ, ಭೂಮಿ ಇಲ್ಲದವರು ಬಾಯಿಮಾತಿನ ಮೇಲೆ ಮಾಡುತ್ತಾರೆ. ಕಾಗದವಿಲ್ಲ, ಯಾಕೆಂದರೆ ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಹೀಗಾಗಿ 2020ರಲ್ಲಿ ಬೆಳೆ ಕಳೆದುಕೊಂಡವನು ಗುತ್ತಿಗೆಯವನು. ಪಹಣಿಯಲ್ಲಿ ಹೆಸರಿದ್ದವನು ಒಡೆಯ. ಕಿಸಾನ್ ಸಮ್ಮಾನಿನ ಹಣವೂ ಭೂಮಿಯ ಹಿಡುವಳಿ ಇರುವ ಕುಟುಂಬಕ್ಕೇ ಹೊರತು ಗುತ್ತಿಗೆಯವನಿಗಲ್ಲ. ಬೆವರು ಒಬ್ಬನದು, ಪರಿಹಾರ ಇನ್ನೊಬ್ಬನದು ಎಂಬಂತಾಯಿತು.

ಇದನ್ನು ಸರಿಪಡಿಸುವುದು ಸರ್ಕಾರದವರ ಕೆಲಸ. ಬೆಳೆದವರ ಪಟ್ಟಿ ಬೇರೆ, ಭೂಮಿಯ ಪಟ್ಟಿ ಬೇರೆ ಎಂದು ಅವರು ತಿಳಿದು ದಾರಿ ಮಾಡಬೇಕು. ಗ್ರಾಮಸಭೆಯಲ್ಲಿ ಕೇಳಬೇಕಾದವರು ನಾವು. ಅಲ್ಲಿಯವರೆಗೆ ಭೂಮಿಯ ಒಡೆಯರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಹೊಲದಲ್ಲಿ ಇನ್ನೊಬ್ಬರು ಬೆಳೆದ ಬೆಳೆಯ ಪರಿಹಾರ ನಿಮ್ಮ ಖಾತೆಗೆ ಬಂದರೆ ಅದು ಬೆಳೆದವನ ಪಾಲು. ಬೀಜ ಅವನದು, ಗೊಬ್ಬರ ಅವನದು, ನಷ್ಟ ಅವನದು. ಗುತ್ತಿಗೆಗೆ ಹಿಡಿಯುವವರೂ ನಾಚಿಕೊಳ್ಳಬೇಡಿ. ಬೆಳೆ ಇಡುವ ಮೊದಲೇ ನಾಲ್ಕು ಜನ ಹಿರಿಯರ ಮುಂದೆ "ಅಕಸ್ಮಾತ್ ಪರಿಹಾರ ಅಂತ ಬಂದರೆ ಹೇಗಪ್ಪಾ?" ಎಂದು ಮಾತಾಡಿಕೊಂಡುಬಿಡಿ. ಹಣ ಬಂದಮೇಲೆ ಆಡುವ ಮಾತು ಜಗಳವಾಗುತ್ತದೆ. ಬರುವ ಮೊದಲು ಆಡಿದ್ದು ಕರಾರಾಗುತ್ತದೆ.

ಇನ್ನೊಂದು ಎಚ್ಚರಿಕೆ. ಪರಿಹಾರ ಪ್ರಕಟವಾದ ಕೂಡಲೇ ಮಧ್ಯೆ ಕೈಹಾಕುವವರು ಹುಟ್ಟಿಕೊಳ್ಳುತ್ತಾರೆ. "ನಾನು ಮಾಡಿಸಿಕೊಡುತ್ತೇನೆ, ಅರ್ಧ ನನಗೆ" ಎನ್ನುವವನೊಬ್ಬ. ಫೋನು ಮಾಡಿ "ನಿಮ್ಮ ಹಣ ಬಂದಿದೆ, ಮೊಬೈಲಿಗೆ ಬಂದ ಓಟಿಪಿ ಹೇಳಿ" ಎನ್ನುವವನಿನ್ನೊಬ್ಬ. ಮೊದಲನೆಯವನು ಅರ್ಧ ನುಂಗುತ್ತಾನೆ, ಎರಡನೆಯವನು ಖಾತೆಯಲ್ಲಿದ್ದದ್ದನ್ನೆಲ್ಲ ನುಂಗುತ್ತಾನೆ. ಆ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಬ್ಯಾಂಕಿನವರು ಅದನ್ನು ಫೋನಿನಲ್ಲಿ ಕೇಳುವುದಿಲ್ಲ.

ಕೊನೆಯದಾಗಿ, ಈ ವಾರದಲ್ಲೇ ಮಾಡಬಹುದಾದ ಕೆಲಸವನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಒಂದು, ಎಲ್ಲ ಸರ್ವೆ ನಂಬರಿನ ಪಹಣಿ ತೆಗೆಸಿ ಹೆಸರು ನೋಡಿ. ತೀರಿಕೊಂಡವರ ಹೆಸರಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ಎರಡು, ಪಹಣಿ, ಆಧಾರ್, ಪಾಸುಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ತಾಳೆ ನೋಡಿ. ಮೂರು, ಎಫ್‌ಐಡಿ ಇದೆಯೇ, ಎಲ್ಲ ಭೂಮಿಯೂ ಸೇರಿದೆಯೇ ಕೇಳಿ. ನಾಲ್ಕು, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ತಿಳಿದುಕೊಳ್ಳಿ. ಐದು, ಹೊಲದಲ್ಲಿ ಈಗಿರುವ ಬೆಳೆ ಸಮೀಕ್ಷೆಯಲ್ಲಿ ಸರಿಯಾಗಿ ಬಂದಿದೆಯೇ ಮಕ್ಕಳ ಕೈಲಿ ನೋಡಿಸಿ. ಎರಡು ದಿವಸದ ಓಡಾಟ, ಒಂದಿಷ್ಟು ಬಸ್ಸಿನ ಖರ್ಚು. ಎಲ್ಲ ಕಾಗದದ ನಕಲು ತೆಗೆಸಿ ಒಂದು ಚೀಲಕ್ಕೆ ಹಾಕಿ, ಇಲಿ ಕಡಿಯದ ಕಡೆ ತೂಗುಹಾಕಿ. ಎಲ್ಲಿಟ್ಟಿದ್ದೀರೆಂದು ಮನೆಯ ಹೆಂಗಸರಿಗೂ ತಿಳಿದಿರಲಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಮ್ಮ ಹಿರಿಯರು ನಗುತ್ತಿದ್ದರು. ಮುಂದಿನ ಕಷ್ಟ ಯಾವ ರೂಪದಲ್ಲಿ ಬರುತ್ತದೋ ಬಲ್ಲವರಿಲ್ಲ. ಬರದಿದ್ದರೆ ಬಹಳ ಸಂತೋಷ, ಚೀಲ ಹಾಗೆಯೇ ತೂಗುತ್ತಿರಲಿ. ಬಂದರೆ ಮಾತ್ರ ಪಟ್ಟಿಯಲ್ಲಿ ನಿಮ್ಮ ಹೆಸರಿರಲಿ.